ಶನಿವಾರದ ಪೃಚ್ಛನೆ

2025ರ ಜುಲೈ ತಿಂಗಳಲ್ಲಿ ಅಮೆರಿಕದ ‘ಸೈನ್ಸ್’ ಪತ್ರಿಕೆಯು ತಾನು ಹದಿನಾಲ್ಕು ವರ್ಷಗಳಿಗೂ ಹಿಂದೆ ಪ್ರಕಟಿಸಿದ್ದ ಒಂದು ಪ್ರಬಂಧವನ್ನು ಹಿಂತೆಗೆದುಕೊಂಡಿತೆಂಬ ವಾರ್ತೆಯನ್ನು ಓದಿದಾಗ, ನನ್ನ ಮನಸ್ಸು ಆ ದೇಶದ ಕಡೆಗೆ ಹೋಗದೆ ನೇರವಾಗಿ ನಮ್ಮ ತುಮಕೂರು ರಸ್ತೆಯ ಕಡೆಗೆ ಓಡಿತು. ಆ ಪ್ರಬಂಧಕ್ಕೂ ನನಗೂ ಒಂದು ಹಳೆಯ ಋಣವಿದೆ. ಅದನ್ನು ಈ ಪತ್ರಿಕೆಯ ವಾಚಕ ಬಂಧುಗಳ ಮುಂದೆ ಇಡಲು ಸ್ವಲ್ಪ ಸಂಕೋಚವೇ ಆಗುತ್ತದೆ, ಆದರೂ ಬರೆಯುತ್ತಿದ್ದೇನೆ.

2013ರಲ್ಲಿ ನಾನು ಸೂಕ್ಷ್ಮಜೀವಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ನಮ್ಮ ವಿಭಾಗದಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ‘ಜರ್ನಲ್ ಕ್ಲಬ್’ ನಡೆಯುತ್ತಿತ್ತು. ಹೆಸರು ಕೇಳಿ ಆಟೋಟದ ಕೂಟವೆಂದು ಭಾವಿಸಬಾರದು. ಒಬ್ಬರು ಹೊಸದಾಗಿ ಪ್ರಕಟವಾದ ಒಂದು ಸಂಶೋಧನ ಪ್ರಬಂಧವನ್ನು ಓದಿಕೊಂಡು ಬಂದು ಉಳಿದವರ ಮುಂದೆ ವಿವರಿಸಬೇಕು. ಉಳಿದವರು ಪ್ರಶ್ನೆ ಕೇಳಬೇಕು. ಕೆನಡಾ ದೇಶದ ಮ್ಯಾಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ವಿಲಿಯಂ ಆಸ್ಲರ್ ಎಂಬ ವೈದ್ಯರು 1875ರಲ್ಲಿ ಇಂಥ ಕೂಟವನ್ನು ಆರಂಭಿಸಿದರೆಂದು ಹೇಳುತ್ತಾರೆ. ನಮ್ಮಲ್ಲಿ ಸ್ವಾಧ್ಯಾಯಕ್ಕೆ ವಾಚನಾ, ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯ, ಧರ್ಮೋಪದೇಶ ಎಂದು ಐದು ಅಂಗಗಳನ್ನು ತತ್ತ್ವಾರ್ಥಸೂತ್ರದಲ್ಲಿ ಹೇಳಿದೆಯಷ್ಟೆ. ಓದಿದ ಕೂಡಲೇ ಎರಡನೆಯದಾಗಿ ಬರುವುದು ಪೃಚ್ಛನೆ, ಅಂದರೆ ಪ್ರಶ್ನೆ ಕೇಳುವುದು. ಇಂದಿನ ನಮ್ಮ ಬಸದಿಗಳ ಸ್ವಾಧ್ಯಾಯ ಸಭೆಗಳಲ್ಲಿ ಈ ಅಂಗವು ಕೊನೆಯ ಎರಡು ನಿಮಿಷಗಳಿಗೆ ಇಳಿದಿದೆ. ‘ಯಾರಿಗಾದರೂ ಸಂಶಯವಿದೆಯೇ’ ಎಂದು ಕೇಳುವಷ್ಟರಲ್ಲಿ ಪ್ರಸಾದದ ತಟ್ಟೆಗಳ ಸದ್ದು ಕೇಳಿಬರುತ್ತದೆ. ಶನಿವಾರದ ಆ ಕೂಟದಲ್ಲಿ ಮಾತ್ರ ಪೃಚ್ಛನೆಯೇ ಪ್ರಧಾನವಾಗಿತ್ತು.

ನಾನು ಆರಿಸಿಕೊಂಡಿದ್ದ ವಿಷಯಕ್ಕೆ ಮನೆಯೇ ಕಾರಣ. ನನ್ನ ತೀರ್ಥರೂಪರಿಗೆ ಪೀಣ್ಯದಲ್ಲಿ ಲೋಹದ ಬಿಡಿಭಾಗಗಳಿಗೆ ಕ್ರೋಮಿಯಂ ಲೇಪ ಕೊಡುವ ಒಂದು ಚಿಕ್ಕ ಶೆಡ್ಡು ಇತ್ತು. ಲೇಪವಾದ ಭಾಗಗಳನ್ನು ತೊಳೆದ ನೀರು ಹಳದಿಯಾಗಿರುತ್ತದೆ. ಅದರಲ್ಲಿರುವುದು ಆರು ವೇಲೆನ್ಸಿಯ ಕ್ರೋಮಿಯಂ; ಮನುಷ್ಯನಿಗೆ ಕ್ಯಾನ್ಸರ್ ತರಬಲ್ಲ ವಿಷ. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ. ಪೀಣ್ಯದ ಅಂತರ್ಜಲದಲ್ಲಿ ಈ ಮಿತಿ ಮೀರಿದೆಯೆಂದು ಪರೀಕ್ಷೆಗಳು ಮತ್ತೆ ಮತ್ತೆ ತೋರಿಸಿವೆ. ತೀರ್ಥರೂಪರು ಆ ನೀರಿಗೆ ಆಮ್ಲ ಬೆರೆಸಿ, ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿ, ಹಳದಿಯು ಹಸಿರಿಗೆ ತಿರುಗಿದ ಮೇಲೆ ಸುಣ್ಣದಿಂದ ಕೆಸರು ಇಳಿಸಿ ಹೊರಗೆ ಬಿಡುತ್ತಿದ್ದರು. ಇದಕ್ಕೆ ಖರ್ಚು ಬಹಳ. ಸುತ್ತಲಿನ ಕೆಲವರು ರಾತ್ರಿಯ ಹೊತ್ತು ನೀರನ್ನು ಹಾಗೆಯೇ ಚರಂಡಿಗೆ ಬಿಡುತ್ತಾರೆಂಬುದು ಅವರಿಗೆ ಗೊತ್ತಿತ್ತು. ‘ಗೃಹಸ್ಥನಿಗೆ ಉದ್ಯೋಗಿ ಹಿಂಸೆ ತಪ್ಪಿದ್ದಲ್ಲ, ಆದರೆ ಅದನ್ನು ಬೆಳೆಸುವ ಹಕ್ಕು ಅವನಿಗಿಲ್ಲ’ ಎಂದು ಅವರು ಆಗಾಗ ಹೇಳುತ್ತಿದ್ದರು.

ಆರು ವೇಲೆನ್ಸಿಯ ಕ್ರೋಮಿಯಮ್ಮನ್ನು ಅಷ್ಟು ಅಪಾಯವಲ್ಲದ ಮೂರು ವೇಲೆನ್ಸಿಯ ರೂಪಕ್ಕೆ ಇಳಿಸುವ ಬ್ಯಾಕ್ಟೀರಿಯಾಗಳಿವೆ. ಅಂಥದೊಂದನ್ನು ಚರಂಡಿಯ ಪಕ್ಕದ ಮಣ್ಣಿನಿಂದಲೇ ಬೇರ್ಪಡಿಸಿದರೆ ಖರ್ಚಿಲ್ಲದೆ ನೀರು ಶುದ್ಧವಾದೀತೆಂಬುದು ನನ್ನ ಆಸೆ. ಪರೀಕ್ಷೆ ಸರಳ: ನೀರಿಗೆ ಡೈಫಿನೈಲ್ ಕಾರ್ಬಜೈಡ್ ಹಾಕಿದರೆ ವಿಷವಿದ್ದಷ್ಟೂ ನೇರಳೆಗೆಂಪು ಬಣ್ಣ ಗಾಢವಾಗುತ್ತದೆ. ನನ್ನ ಫ್ಲಾಸ್ಕುಗಳಲ್ಲಿ ಎರಡು ದಿನಗಳಲ್ಲಿ ಆ ಬಣ್ಣ ಬಹುಮಟ್ಟಿಗೆ ಮಾಯವಾಯಿತು. ಮನೆಯಲ್ಲಿ ಹೇಳಿದೆ. ತೀರ್ಥರೂಪರು ಒಬ್ಬ ಮೇಸ್ತ್ರಿಯನ್ನು ಕರೆಸಿ, ಎರಡು ತೊಟ್ಟಿ ಕಟ್ಟಲು ಮುಂಗಡವನ್ನೇ ಕೊಟ್ಟುಬಿಟ್ಟರು.

ಇಲ್ಲಿ ಒಂದು ಮಾತು. ಜೈನರ ಮನೆಯ ಹುಡುಗಿ ಬ್ಯಾಕ್ಟೀರಿಯಾ ಬೆಳೆಸಿ ಅನಂತರ 121 ಡಿಗ್ರಿ ಸೆಲ್ಸಿಯಸ್ ಹಬೆಯಲ್ಲಿ ಹದಿನೈದು ನಿಮಿಷ ಬೇಯಿಸುವುದು ಹೇಗೆಂದು ಸಹಪಾಠಿಗಳು ಕೇಳುತ್ತಿದ್ದರು. ನೀರನ್ನು ಬಟ್ಟೆಯಲ್ಲಿ ಶೋಧಿಸಿ, ಬಟ್ಟೆಯಲ್ಲಿ ಉಳಿದುದನ್ನು ಅದೇ ಬಾವಿಗೆ ಮರಳಿ ಬಿಡುತ್ತಿದ್ದ ನನ್ನ ಅಜ್ಜಿಯೂ ಒಮ್ಮೆ ಕೇಳಿದರು. ನನ್ನಲ್ಲಿ ಪೂರ್ಣ ಉತ್ತರವಿರಲಿಲ್ಲ, ಇಂದೂ ಇಲ್ಲ. ಕೆಲವು ಲೇಖಕರು ನಮ್ಮ ಶಾಸ್ತ್ರದ ನಿಗೋದ ಜೀವಗಳೇ ಇಂದಿನ ಬ್ಯಾಕ್ಟೀರಿಯಾಗಳೆಂದು ಸಲೀಸಾಗಿ ಬರೆದುಬಿಡುತ್ತಾರೆ. ಒಂದೇ ಶರೀರದಲ್ಲಿ ಅನಂತ ಜೀವಗಳು ಕೂಡಿ ಹುಟ್ಟಿ ಕೂಡಿ ಅಳಿಯುವುದೆಂಬ ಆ ಸೂಕ್ಷ್ಮ ಕಲ್ಪನೆಗೂ, ತನ್ನದೇ ಒಂದು ಕೋಶವುಳ್ಳ ಬ್ಯಾಕ್ಟೀರಿಯಾಕ್ಕೂ ಅಷ್ಟು ಸುಲಭವಾಗಿ ಗಂಟು ಹಾಕಲಾಗದು. ತನಗೆ ಪ್ರಿಯವಾದುದನ್ನೇ ಕಾಣುವ ಆತುರ ಅಲ್ಲಿದೆಯೆಂದು ನನಗೆ ತೋರುತ್ತದೆ. ಆ ಆತುರ ನನ್ನಲ್ಲಿಯೂ ಇತ್ತು.

ಆ ಶನಿವಾರ ನಾನು ಆರಿಸಿಕೊಂಡ ಪ್ರಬಂಧ 2010ರ ಡಿಸೆಂಬರಿನಲ್ಲಿ ಜಗತ್ತಿನಲ್ಲೆಲ್ಲ ಸದ್ದು ಮಾಡಿದ್ದು. ಕ್ಯಾಲಿಫೋರ್ನಿಯಾದ ಮೋನೋ ಸರೋವರದ ಒಂದು ಬ್ಯಾಕ್ಟೀರಿಯಾವು ರಂಜಕದ ಬದಲಿಗೆ ಆರ್ಸೆನಿಕ್ ಬಳಸಿ ಬದುಕಬಲ್ಲದು, ತನ್ನ ಡಿಎನ್‌ಎಯಲ್ಲಿಯೂ ಅದನ್ನೇ ಇಟ್ಟುಕೊಳ್ಳಬಲ್ಲದು ಎಂಬುದು ಅದರ ಪ್ರತಿಪಾದನೆ. ನಾಸಾ ಸಂಸ್ಥೆಯೇ ಪತ್ರಿಕಾಗೋಷ್ಠಿ ಕರೆದಿತ್ತು. ಕೆನಡಾದ ರೋಸ್‌ಮೇರಿ ರೆಡ್‌ಫೀಲ್ಡ್ ಎಂಬ ವಿಜ್ಞಾನಿ ಕೂಡಲೇ ಆಕ್ಷೇಪಿಸಿದರು: ಬೆಳೆಸಿದ ಮಾಧ್ಯಮದಲ್ಲಿಯೇ ಅಲ್ಪ ಪ್ರಮಾಣದ ರಂಜಕ ಕಲಬೆರಕೆಯಾಗಿದೆ, ಬ್ಯಾಕ್ಟೀರಿಯಾ ಅದರಿಂದಲೇ ಬದುಕಿರಬಹುದು, ಡಿಎನ್‌ಎಯನ್ನೂ ಸರಿಯಾಗಿ ತೊಳೆದಿಲ್ಲ. ಅವರು ಆಕ್ಷೇಪಿಸಿ ಸುಮ್ಮನಾಗಲಿಲ್ಲ, ಅದೇ ಜೀವಿಯನ್ನು ತರಿಸಿ ತಾವೇ ಬೆಳೆಸಿ ಸಂಗಡಿಗರೊಡನೆ ಪರೀಕ್ಷಿಸಿದರು. 2012ರಲ್ಲಿ ಅವರ ತಂಡವೂ ಸ್ವಿಟ್ಜರ್ಲೆಂಡಿನ ಇನ್ನೊಂದು ತಂಡವೂ ಅದೇ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದವು: ಆ ಜೀವಿ ಆರ್ಸೆನಿಕ್ಕನ್ನು ಸಹಿಸುತ್ತದೆ, ಆದರೆ ರಂಜಕವಿಲ್ಲದೆ ಬೆಳೆಯದು.

ನಾನು ಇದನ್ನೆಲ್ಲ ಬಹಳ ಉತ್ಸಾಹದಿಂದ, ಸ್ವಲ್ಪ ಗರ್ವದಿಂದಲೂ ವಿವರಿಸಿದೆ. ‘ತಮ್ಮ ಮಾಧ್ಯಮದಲ್ಲಿ ಏನಿದೆಯೆಂದು ನೋಡಿಕೊಳ್ಳದವರು ಜೀವಶಾಸ್ತ್ರದ ನಿಯಮವನ್ನೇ ಬದಲಿಸಲು ಹೊರಟರು’ ಎಂದೆ. ಕೆಲವರು ನಕ್ಕರು. ಆಗ ಮೊದಲನೆಯ ವರ್ಷದ ಒಬ್ಬ ಹುಡುಗ, ಮಾತು ಬಹಳ ಕಡಿಮೆ, ಹಿಂದಿನ ಬೆಂಚಿನಿಂದ ಎದ್ದು ಕೇಳಿದ: ‘ಅಕ್ಕಾ, ನಿಮ್ಮ ಕ್ರೋಮಿಯಂ ಕೆಲಸದಲ್ಲಿ ಬ್ಯಾಕ್ಟೀರಿಯಾ ಹಾಕದೆ ಇಟ್ಟ ಫ್ಲಾಸ್ಕಿನಲ್ಲಿ ಬಣ್ಣ ಹಾಗೆಯೇ ಉಳಿದಿತ್ತೇ?’

‘ಉಳಿದಿತ್ತು’ ಎಂದೆ.

ಉಳಿದಿರಲಿಲ್ಲ. ಆ ಫ್ಲಾಸ್ಕಿನಲ್ಲಿಯೂ ಬಣ್ಣ ಕಣ್ಣಿಗೆ ಕಾಣುವಷ್ಟು ತಗ್ಗಿತ್ತು. ಹೊರಗಿನಿಂದ ಯಾವುದೋ ಸೂಕ್ಷ್ಮಜೀವಿ ಸೇರಿ ಅದು ಕೆಟ್ಟಿರಬೇಕೆಂದು ನನಗೆ ನಾನೇ ಹೇಳಿಕೊಂಡು, ಕೋಷ್ಟಕವನ್ನು ಶುದ್ಧ ಪ್ರತಿ ಮಾಡುವಾಗ ಆ ಸಾಲನ್ನು ಬಿಟ್ಟುಬಿಟ್ಟಿದ್ದೆ. ಕೆಟ್ಟಿತ್ತೋ ಇಲ್ಲವೋ ಎಂದು ಒಂದು ತಟ್ಟೆಯ ಮೇಲೆ ಹಚ್ಚಿ ನೋಡಲು ಒಂದು ದಿನ ಸಾಕಾಗಿತ್ತು, ನೋಡಲಿಲ್ಲ. ಸಾಲನ್ನು ಬಿಟ್ಟದ್ದು ಪ್ರಮಾದ ಎನ್ನಬಹುದೇನೋ. ಹುಡುಗನಿಗೆ ಕೊಟ್ಟ ಉತ್ತರ ಪ್ರಮಾದವಲ್ಲ. ಅದು ಅಸತ್ಯ.

ಭಾನುವಾರ ಮಂದರಗಿರಿಗೆ ಹೋಗುವುದೆಂದು ಮನೆಯಲ್ಲಿ ನಿಶ್ಚಯವಾಗಿತ್ತು. ನಾನು ತಲೆನೋವೆಂದು ಹೋಗಲಿಲ್ಲ. ಹೀಗೆ ಎರಡನೆಯ ಸುಳ್ಳೂ ಆಯಿತು. ಸೋಮವಾರ ಪ್ರಯೋಗವನ್ನು ಮೊದಲಿನಿಂದ ಆರಂಭಿಸಿದೆ. ಬರಿಯ ನೀರಿನಲ್ಲಿ ಕ್ರೋಮಿಯಂ, ಪೋಷಕ ಮಾಧ್ಯಮದಲ್ಲಿ ಕ್ರೋಮಿಯಂ, ಬೇಯಿಸಿ ಕೊಂದ ಬ್ಯಾಕ್ಟೀರಿಯಾದೊಡನೆ ಒಂದು, ಜೀವಂತ ಬ್ಯಾಕ್ಟೀರಿಯಾದೊಡನೆ ಒಂದು. ಪ್ರತಿಯೊಂದೂ ಮೂರು ಮೂರು. ಬರಿಯ ನೀರಿನಲ್ಲಿ ಬಣ್ಣ ಅಲುಗಲಿಲ್ಲ. ಮಾಧ್ಯಮದಲ್ಲಿ ಯಾವ ಜೀವಿಯೂ ಇಲ್ಲದೆಯೇ ಇಳಿಯಿತು. ತಟ್ಟೆಯ ಮೇಲೆ ಹಚ್ಚಿದರೆ ಏನೂ ಬೆಳೆಯಲಿಲ್ಲ. ಯೀಸ್ಟಿನ ಸಾರ, ಸಕ್ಕರೆಯೊಡನೆ ಬೇಯಿಸಿದ ಮಾಧ್ಯಮ, ಇವೇ ಕ್ರೋಮಿಯಮ್ಮಿನ ಒಂದು ಪಾಲನ್ನು ಇಳಿಸುತ್ತಿದ್ದವು. ನನ್ನ ಬ್ಯಾಕ್ಟೀರಿಯಾ ನಿರುಪಯೋಗಿಯೇನಲ್ಲ. ಆದರೆ ನಾನು ಅದಕ್ಕೆ ಕೊಟ್ಟಿದ್ದ ಕೀರ್ತಿಯಲ್ಲಿ ದೊಡ್ಡ ಪಾಲು ಅಡುಗೆಯದಾಗಿತ್ತು. ಶೆಡ್ಡಿನ ನಿಜವಾದ ತೊಳೆನೀರಿನಲ್ಲಿ, ಆ ಆಮ್ಲದಲ್ಲಿ, ಅದು ಬೆಳೆಯಲೇ ಇಲ್ಲ.

ತೀರ್ಥರೂಪರಿಗೆ ಹೇಳುವುದು ಕೂಟದಲ್ಲಿ ಹೇಳುವುದಕ್ಕಿಂತ ಕಷ್ಟವಾಯಿತು. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸಿ ಅವರು ಜಗಲಿಯಲ್ಲಿ ಕುಳಿತಿದ್ದರು. ಎಲ್ಲವನ್ನೂ ಕೇಳಿ, ‘ಮುಂಗಡ ಹೋದರೆ ಹೋಗಲಿ ಮಗಳೇ. ಚರಂಡಿಗೆ ಹೋಗುವ ನೀರು ನಿನ್ನ ಪುಸ್ತಕ ನೋಡಿಕೊಂಡು ಹೋಗುವುದಿಲ್ಲವಲ್ಲ’ ಎಂದರು. ಸ್ವಲ್ಪ ಹೊತ್ತಿನ ಮೇಲೆ, ‘ಆ ಫ್ಲಾಸ್ಕಿನ ವಿಷಯ ನಿನಗೆ ಎಷ್ಟು ದಿನದಿಂದ ಗೊತ್ತಿತ್ತು?’ ಎಂದು ಕೇಳಿದರು. ‘ಒಂದು ತಿಂಗಳಿಂದ, ಅಪ್ಪಾಜಿ’ ಎಂದೆ. ಅವರು ಮತ್ತೆ ಏನೂ ಕೇಳಲಿಲ್ಲ. ಮಾರನೆಯ ದಿನ ಎಂದಿನಂತೆ ಮೆಟಾಬೈಸಲ್ಫೈಟಿನ ಚೀಲ ತರಿಸಿದರು.

ಮುಂದಿನ ಶನಿವಾರ ಬೇರೆಯವರ ಸರದಿಯಿತ್ತು. ಅನುಮತಿ ಪಡೆದು ಹತ್ತು ನಿಮಿಷ ತೆಗೆದುಕೊಂಡೆ. ಎರಡು ಕೋಷ್ಟಕಗಳನ್ನೂ ಹಲಗೆಯ ಮೇಲೆ ಬರೆದು, ಹುಡುಗನ ಕಡೆಗೆ ತಿರುಗಿ, ‘ಹೋದ ವಾರ ನಿನಗೆ ಹೇಳಿದ್ದು ನಿಜವಲ್ಲ’ ಎಂದೆ. ಯಾರೂ ಶಿಕ್ಷಿಸಲಿಲ್ಲ, ಹೊಗಳಲೂ ಇಲ್ಲ. ಹುಡುಗ ಮಾತ್ರ, ಬೇಯಿಸಿ ಕೊಂದ ಬ್ಯಾಕ್ಟೀರಿಯಾದ ಫ್ಲಾಸ್ಕಿನ ಅಂಕಿಗಳು ಏಕೆ ಮಾಧ್ಯಮದ ಅಂಕಿಗಳಿಗಿಂತ ತುಸು ಹೆಚ್ಚಾಗಿವೆಯೆಂದು ಕೇಳಿದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಇಲ್ಲವೆಂದೇ ಹೇಳಿದೆ.

ಹಿಂತೆಗೆತವೆಂದರೆ ಜನ ಕೂಡಲೇ ಮೋಸವೆಂದು ತಿಳಿಯುತ್ತಾರೆ. ಮೋಸದ ಪ್ರಕರಣಗಳೂ ಉಂಟು. ನಮ್ಮ ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದಿಂದ 2020ರಲ್ಲಿ ಹೊರಬಂದ, ಕಬ್ಬಿಣವನ್ನು ಗುರುತಿಸುವ ಬ್ಯಾಕ್ಟೀರಿಯಾದ ಆರ್‌ಎನ್‌ಎ ಕುರಿತ ಪ್ರಬಂಧವು, ಚಿತ್ರಗಳನ್ನು ತಿದ್ದಿರುವುದು ಕಂಡುಬಂದು 2021ರಲ್ಲಿ ಹಿಂತೆಗೆಯಲ್ಪಟ್ಟಿತು. ಮೊದಲು ಗುರುತಿಸಿದವರು ಪ್ರಶ್ನೆ ಕೇಳುವ ಓದುಗರೇ. ಆದರೆ ಆರ್ಸೆನಿಕ್ ಪ್ರಬಂಧದಲ್ಲಿ ಮೋಸವಿಲ್ಲವೆಂದು ‘ಸೈನ್ಸ್’ ಪತ್ರಿಕೆಯೇ ಹೇಳಿದೆ. ಪ್ರಯೋಗಗಳು ಮುಖ್ಯ ನಿರ್ಣಯವನ್ನು ಸಮರ್ಥಿಸುವುದಿಲ್ಲವೆಂಬುದಷ್ಟೇ ಅದರ ಕಾರಣ. ಲೇಖಕರು ಇದನ್ನು ಒಪ್ಪಿಲ್ಲ. ದುರುದ್ದೇಶವಿಲ್ಲದ ತಪ್ಪಿಗೆ, ಅದೂ ಹದಿನಾಲ್ಕು ವರ್ಷಗಳ ಮೇಲೆ, ಈ ಕಳಂಕ ಸಲ್ಲುವುದೇ? ಖಂಡನೆಯ ಪ್ರಬಂಧಗಳು 2012ರಲ್ಲಿಯೇ ಬಂದಿರುವಾಗ ಹಳೆಯದನ್ನು ಹಾಗೆಯೇ ಬಿಡಬಹುದಿತ್ತಲ್ಲವೇ? ಹಿಂದೆ ನಕ್ಕವಳಾದ ನನಗೆ ಈಗ ಆ ಲೇಖಕರ ಮೇಲೆ ಕನಿಕರವೇ ಹೆಚ್ಚು. ಆದರೂ ಹಿಂತೆಗೆದದ್ದು ಸರಿಯೆಂದೇ ನನ್ನ ಅಭಿಪ್ರಾಯ. ಖಂಡನೆಯನ್ನು ಓದದೆ ಮೂಲವನ್ನಷ್ಟೇ ಓದಿ ಮೇಸ್ತ್ರಿಗೆ ಮುಂಗಡ ಕೊಡುವವರು ಎಲ್ಲ ಕಾಲದಲ್ಲಿಯೂ ಇರುತ್ತಾರೆ.

ನಾನೀಗ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಉದ್ಯೋಗದಲ್ಲಿದ್ದೇನೆ. ಅಲ್ಲಿಯೂ ಕಿರಿಯರೊಡನೆ ಶನಿವಾರದ ಕೂಟವನ್ನು ನಡೆಸುತ್ತಿದ್ದೇವೆ. ಹಿಂತೆಗೆತದ ವಾರ್ತೆ ಬಂದ ಮೇಲೆ ಅದೇ ಪ್ರಬಂಧವನ್ನು ಮತ್ತೆ ಮುಂದಿಟ್ಟು, ಜೊತೆಗೆ ನನ್ನ ಎರಡು ಕೋಷ್ಟಕಗಳನ್ನೂ ತೋರಿಸಿದೆ. ಹೊಸದಾಗಿ ಸೇರಿದ ಒಬ್ಬ ಹುಡುಗಿ, ‘ಮೇಡಂ, ಆ ಹುಡುಗ ಕೇಳದೆ ಇದ್ದಿದ್ದರೆ ನೀವು ಹೇಳುತ್ತಿದ್ದಿರಾ?’ ಎಂದು ಕೇಳಿದಳು. ಹೇಳುತ್ತಿದ್ದೆನೆಂದು ಕೆಲವರು ನನ್ನ ಪರವಾಗಿ ವಾದಿಸಿದರು. ನಾನು ವಾದಿಸಲಿಲ್ಲ. ಮನೆಗೆ ಹೋಗುವ ಬಸ್ಸುಗಳು ಹೊರಡುವ ಹೊತ್ತಾದ್ದರಿಂದ ಆ ಪ್ರಶ್ನೆಯನ್ನು ಮುಂದಿನ ಶನಿವಾರಕ್ಕೆ ಇಟ್ಟುಕೊಂಡೆವು.