ಇನ್ನೆಷ್ಟು ವರ್ಷ?

ನಮ್ಮ ಭಾವನವರಿಗೆ ಡಯಾಲಿಸಿಸ್ ಶುರುವಾಗಿ ನಾಲ್ಕು ವರ್ಷ. ನೋಡಲು ಬಂದವರೆಲ್ಲ ಅಡುಗೆಮನೆಗೆ ಬಂದು ಅಕ್ಕನನ್ನು ಮೆಲ್ಲಗೆ ಕೇಳುತ್ತಾರೆ: “ಡಾಕ್ಟರು ಇನ್ನೆಷ್ಟು ವರ್ಷ ಅಂದ್ರು?” ಅಕ್ಕ ನನ್ನ ಮುಖ ನೋಡುತ್ತಾಳೆ. ಟೀಚರಿಗೆ ಎಲ್ಲ ಗೊತ್ತಿರುತ್ತದೆಂಬುದು ನಮ್ಮ ಮನೆಯವರ ನಂಬಿಕೆ!

ಅಮೆರಿಕದ ಲೆಕ್ಕದಂತೆ, ಡಯಾಲಿಸಿಸ್ ಆರಂಭಿಸಿದವರಲ್ಲಿ ಐದು ವರ್ಷ ದಾಟುವವರು ಅರ್ಧಕ್ಕಿಂತ ಕಡಿಮೆ. ಆದರೆ ಅದರಲ್ಲಿ ಎಂಬತ್ತರ ಮುದುಕರೂ ಇದ್ದಾರೆ, ಇಪ್ಪತ್ತರ ಹುಡುಗರೂ ಇದ್ದಾರೆ. ತರಗತಿಯ ಸರಾಸರಿ ನೋಡಿ ಒಬ್ಬ ಹುಡುಗನ ಅಂಕ ಹೇಳಲಾದೀತೆ? 1960ರಲ್ಲಿ ಸಿಯಾಟಲ್ ನಗರದ ಡಾ. ಸ್ಕ್ರಿಬ್ನರ್, ಕ್ಲೈಡ್ ಶೀಲ್ಡ್ಸ್ ಎಂಬಾತನ ತೋಳಿನ ರಕ್ತನಾಳಗಳಿಗೆ ಟೆಫ್ಲಾನ್ ಕೊಳವೆ ಜೋಡಿಸಿ ಮತ್ತೆ ಮತ್ತೆ ರಕ್ತ ಶುದ್ಧಿ ಮಾಡಿದರು. ಸಾವಿನಂಚಿನಲ್ಲಿದ್ದ ಆತ ಹನ್ನೊಂದು ವರ್ಷ ಬದುಕಿದ. 1971ರಲ್ಲಿ ಸತ್ತದ್ದು ಹೃದಯಾಘಾತದಿಂದ. ಇಂದಿಗೂ ಈ ರೋಗಿಗಳಲ್ಲಿ ಹೆಚ್ಚಿನವರಿಗೆ ಕೈಕೊಡುವುದು ಹೃದಯವೇ.

ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ನಡುವೆ ಮೈಯಲ್ಲಿ ನಿಲ್ಲುವ ನೀರು ಹೃದಯಕ್ಕೆ ಭಾರ. ಅದಕ್ಕೇ ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ನಾಲ್ಕು ನಾಲ್ಕು ಗಂಟೆ. ಭಾವನವರು ಎರಡೇ ಸಲ ಹೋಗುತ್ತಿದ್ದರು. ಸರ್ಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಪುಕ್ಕಟೆ. ಬಸ್ ಚಾರ್ಜು ಪುಕ್ಕಟೆಯಲ್ಲ, ಜೊತೆಗೆ ಹೋಗುವ ಮಗನ ಒಂದು ದಿನದ ಕೂಲಿಯೂ ಅಲ್ಲ.

“ಅಕ್ಕಾ, ವರ್ಷದ ಲೆಕ್ಕ ಬಿಡು. ಮೂರನೇ ಸಲ ನಾನು ಕರೆದುಕೊಂಡು ಹೋಗುತ್ತೇನೆ” ಎಂದೆ. ಈಗ ಪ್ರತಿ ಶನಿವಾರ ಬೆಳಗಿನ ಶಾಲೆ ಮುಗಿಸಿ ಹೊರಡುತ್ತೇವೆ. ಬಸ್ ಸ್ಟ್ಯಾಂಡಿನಲ್ಲಿ ಎಳನೀರಿನ ರಾಶಿ ಕಂಡರೆ ಭಾವನವರ ಕಣ್ಣು ಅತ್ತಲೇ. ಅದರ ಪೊಟ್ಯಾಸಿಯಂ ಅವರಿಗೆ ವಿಷವಿದ್ದಂತೆ. ನಾನು ಅಡ್ಡ ನಿಲ್ಲುತ್ತೇನೆ. “ಮೇಷ್ಟ್ರಮ್ಮ ಬಂದ್ರು” ಎಂದು ಗೊಣಗುತ್ತಾ ಬಸ್ ಹತ್ತುತ್ತಾರೆ.