ಮರಳಿ ಬಂದ ಜಾವಾ

ಹಳೆಯ ವಸ್ತುಗಳ ಮೇಲೆ ಮನುಷ್ಯನಿಗಿರುವ ಮೋಹ ವಿಚಿತ್ರವಾದುದು. ಅವು ಕೈಯಲ್ಲಿದ್ದಾಗ ಶಪಿಸುತ್ತಾನೆ. ಕೈಬಿಟ್ಟ ಮೇಲೆ ಹಂಬಲಿಸುತ್ತಾನೆ. ಮರಳಿ ದೊರೆಯುವ ಕಾಲ ಬಂದಾಗ ರೂಪವೊಂದು ಬಂದರೆ ಸಾಕು, ತೊಂದರೆಗಳು ಬರುವುದು ಬೇಡವೆನ್ನುತ್ತಾನೆ. ಈ ಮರ್ಮವನ್ನು ಇಂದಿನ ಮೋಟಾರ್ ಸೈಕಲ್ ತಯಾರಕರು ಚೆನ್ನಾಗಿ ಅರಿತಿದ್ದಾರೆ.

2019ರ ದೀಪಾವಳಿಯ ಮುನ್ನಾದಿನ ಯಲಬುರ್ಗಾದ ಮನೆಯೊಂದರ ಮುಂದೆ ಕಡುಗೆಂಪು ಬಣ್ಣದ ಮೋಟಾರ್ ಸೈಕಲ್ಲೊಂದು ಬಂದು ನಿಂತಿತು. ಗಂಗಾವತಿಯಲ್ಲಿ ನೆಲಸಿರುವ ಮಗ ಅದನ್ನು ಹೊಸದಾಗಿ ಕೊಂಡು ತಂದಿದ್ದನು. ಸದ್ದು ಕೇಳಿ ಹೊರಬಂದ ನಿವೃತ್ತ ಮಾಸ್ತರರು ಹೊಸ್ತಿಲಲ್ಲಿಯೇ ನಿಂತುಬಿಟ್ಟರು. ಅದೇ ದುಂಡನೆಯ ದೀಪ, ಅದೇ ಮಿರುಗುವ ಟ್ಯಾಂಕು, ಎರಡು ಪಕ್ಕಗಳಲ್ಲಿ ಅದೇ ಎರಡು ನೀಳವಾದ ಸೈಲೆನ್ಸರುಗಳು. ಟ್ಯಾಂಕಿನ ಮೇಲೆ ಅದೇ ಹೆಸರು: ಜಾವಾ. ಇಪ್ಪತ್ತೆಂಟು ವರ್ಷಗಳ ಹಿಂದೆ ಈ ಅಂಗಳದಿಂದ ಹೊರಟುಹೋದ ವಾಹನವೇ ಮರಳಿ ಬಂದಿತೇ?

ಹೆಸರೇನೋ ಹಳೆಯದು. 1929ರಲ್ಲಿ ಪ್ರಾಗ್ ನಗರದ ಯಾನೆಚೆಕ್ ಎಂಬ ಉದ್ಯಮಿ, ಜರ್ಮನಿಯ ವಾಂಡರರ್ ಸಂಸ್ಥೆಯ ಮೋಟಾರ್ ಸೈಕಲ್ಲನ್ನು ತಯಾರಿಸಲು ಹೊರಟು, ಎರಡು ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿ ಕಟ್ಟಿದ ಹೆಸರು ಅದು. 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಅದು ಕನ್ನಡ ನಾಡಿನ ರಸ್ತೆಗಳಿಗೆ ಇಳಿಯಿತು. ಎಪ್ಪತ್ತರ ದಶಕದಲ್ಲಿ ಯೆಜ್ಡಿ ಎಂಬ ಹೊಸ ಹೆಸರು ಪಡೆಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರ ನವೆಂಬರಿನಲ್ಲಿ ಮಹೀಂದ್ರ ಬಳಗದ ಕ್ಲಾಸಿಕ್ ಲೆಜೆಂಡ್ಸ್ ಸಂಸ್ಥೆ ಜಾವಾವನ್ನು ಮರಳಿ ತಂದಿತು. ಆದರೆ ಈಗ ಅದು ಹುಟ್ಟುವುದು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀಥಂಪುರದಲ್ಲಿ.

ಒಳಗಿನ ಯಂತ್ರವಂತೂ ಸಂಪೂರ್ಣ ಬೇರೆ. ಹಳೆಯದು 250 ಸಿ.ಸಿ.ಯ ಎರಡು ಸ್ಟ್ರೋಕಿನ ಎಂಜಿನ್ನು. ಪೆಟ್ರೋಲಿಗೆ ಎಣ್ಣೆ ಬೆರೆಸಬೇಕು. ಹಿಂದೆ ನೀಲಿ ಹೊಗೆ ಬಿಡಬೇಕು. ಕಿಕ್ ಹೊಡೆಯುವ ದಂಡವನ್ನೇ ತಿರುಗಿಸಿದರೆ ಅದೇ ಗೇರಿನ ದಂಡ. ಹೊಸದು 293 ಸಿ.ಸಿ.ಯ ನಾಲ್ಕು ಸ್ಟ್ರೋಕಿನ, ದ್ರವದಿಂದ ತಂಪಾಗುವ ಎಂಜಿನ್ನು. ಗುಂಡಿಯೊಂದನ್ನು ಒತ್ತಿದರೆ ಸಾಕು, ಎಚ್ಚರಗೊಳ್ಳುತ್ತದೆ. ಹಿಂದೆ ಬಿಸಿಯನ್ನು ಗಾಳಿಗೆ ಬಿಟ್ಟುಕೊಡುತ್ತಿದ್ದ ಲೋಹದ ಏಣುಗಳು ಎಂಜಿನ್ನಿನ ಮೈಮೇಲೆ ಇಂದೂ ಇವೆ, ಬಹುಮಟ್ಟಿಗೆ ಆಭರಣವಾಗಿ. ಇಂಗ್ಲೆಂಡಿನ ಟ್ರಯಂಫ್ ಸಂಸ್ಥೆಯೂ ತನ್ನ ಬಾನವಿಲ್ ವಾಹನದಲ್ಲಿ ಇಂಧನ ಚಿಮ್ಮಿಸುವ ಹೊಸ ಸಲಕರಣೆಗೆ ಹಳೆಯ ಕಾರ್ಬ್ಯುರೇಟರಿನ ವೇಷ ತೊಡಿಸಿತ್ತು.

ಹಾಗಾದರೆ ಇದು ವೇಷವೇ, ಮೋಸವೇ? ಕೊಪ್ಪಳದ ಸಮೀಪದ ಕಿನ್ನಾಳದಲ್ಲಿ ಇಂದಿಗೂ ಹಗುರವಾದ ಮರವನ್ನು ಕೆತ್ತಿ, ಬಣ್ಣ ತುಂಬಿ, ಗೊಂಬೆಗಳನ್ನು ಮಾಡುತ್ತಾರೆ. ನಿನ್ನೆ ಮಾಡಿದ ಗೌರಿಗೆ ಅಜ್ಜಂದಿರ ಕಾಲದ ಗೌರಿಯದೇ ಮುಖ. ಅದನ್ನು ಯಾರೂ ನಕಲಿ ಎನ್ನುವುದಿಲ್ಲ. ರೂಪವೆಂಬುದು ತಲೆಮಾರಿನಿಂದ ತಲೆಮಾರಿಗೆ ಕೈಬದಲಾಗುವ ಆಸ್ತಿ. ಆದರೆ ರೂಪದೊಡನೆ ಲೆಕ್ಕವೂ ಕೈಬದಲಾಗುವುದುಂಟು. ಅದು ಆ ಮನೆಯಲ್ಲಿ ಮರುದಿನ ತಿಳಿಯಿತು.

ಮಾಸ್ತರರು ವಾಹನವನ್ನೇರಿ ಕುಳಿತರು. ಅವರ ಎಡಗಾಲು ತಾನಾಗಿಯೇ ಕಿಕ್ ದಂಡವನ್ನು ಹುಡುಕಿತು, ಅದು ಅಲ್ಲಿರಲಿಲ್ಲ. ನಕ್ಕು, ಹಳೆಯ ಸದ್ದಿನ ವರ್ಣನೆಗೆ ತೊಡಗಿದರು. ಕುಷ್ಟಗಿ ತಾಲ್ಲೂಕಿನ ಶಾಲೆಗೆ ದಿನವೂ ಹೋಗಿಬರುತ್ತಿದ್ದುದು, ಅರ್ಧ ಹರಿದಾರಿ ದೂರದಿಂದಲೇ ಮಕ್ಕಳು ಸದ್ದನ್ನು ಗುರುತಿಸಿ ಸಾಲಾಗಿ ನಿಲ್ಲುತ್ತಿದ್ದುದು, ಎಲ್ಲವೂ ಬಂದಿತು.

ಬಾಗಿಲಲ್ಲಿದ್ದ ಗೃಹಿಣಿ ಮೆಲ್ಲನೆ ಹೇಳಿದರು: “ನಿಮಗ ಅದರ ಸದ್ದು ನೆನಪೈತಿ, ನನಗ ನೂಕಿದ್ದು ನೆನಪೈತಿ.”

ಮಾತು ಸುಳ್ಳಲ್ಲ. ಮಳೆ ಬಿದ್ದರೆ ಆ ಸೀಮೆಯ ಎರೆಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಗಾಲಿಯನ್ನೇ ಹಿಡಿದು ನಿಲ್ಲಿಸುತ್ತಿತ್ತು. ಮಾಸ್ತರರು ಕಡ್ಡಿಯಿಂದ ಮಣ್ಣು ಕೆದರುವರು; ಆಕೆ ಇಳಕಲ್ ಸೀರೆಯ ನೆರಿಗೆ ಎತ್ತಿ ಕಟ್ಟಿ ಹಿಂದಿನಿಂದ ನೂಕುವರು. ಹೊರಟ ಕ್ಷಣ ನೀಲಿ ಹೊಗೆ ಸೀರೆಯ ಮೇಲೆ.

1976ರಲ್ಲಿ ಆ ವಾಹನವನ್ನು ಇನ್ನೊಬ್ಬರಿಂದ ಕೊಂಡಾಗ ತವರಿನ ಒಂದು ಜೊತೆ ಚಿನ್ನದ ಪಾಟಲಿ ಕೊಪ್ಪಳದ ಪೇಟೆಗೆ ಹೋಗಿತ್ತು. 1991ರಲ್ಲಿ ವಾಹನ ಮಾರಿದ ಹಣ ಮಗನ ಕಾಲೇಜಿನ ಶುಲ್ಕಕ್ಕಾಯಿತು, ಪಾಟಲಿ ಮರಳಲಿಲ್ಲ. ತಂದೆಯ ತ್ಯಾಗದ ಕಥೆಯನ್ನು ಮಗ ಹಲವು ಬಾರಿ ಕೇಳಿದ್ದನು. ಆ ಕೊಂಡ ದಿನದ ಕಥೆಯನ್ನು ಅಂದೇ ಮೊದಲು ಕೇಳಿದನು. ಮಾಸ್ತರರು ಟ್ಯಾಂಕಿನ ಮೇಲಿನ ಇಲ್ಲದ ಧೂಳನ್ನು ಒರಸುತ್ತ ನಿಂತರು.

ಸಂಜೆ ಮಗನ ಹಿಂದೆ ಕುಳಿತು ತಾಯಿ ಇಟಗಿಗೆ ಹೋಗಿಬಂದರು. 1112ರಲ್ಲಿ ಕಟ್ಟಿದ ಅಲ್ಲಿಯ ಮಹಾದೇವ ದೇವಾಲಯಕ್ಕೆ ಹಳೆಯ ಜಾವಾದ ಮೇಲೂ ಹೋಗಿದ್ದುದುಂಟು. ಆಗ ಅರ್ಧ ದಾರಿ ನಡಿಗೆ. ಈ ಬಾರಿ ಎಲ್ಲಿಯೂ ಇಳಿಯಬೇಕಾಗಲಿಲ್ಲ.

“ಹೆಂಗಿತ್ತು?” ಎಂದರು ಮಾಸ್ತರರು, ತುಸು ಅಳುಕಿನಿಂದಲೇ.

ಆಕೆ ಸೆರಗನ್ನು ಮುಂದೆ ತಂದು ನೋಡಿದರು. ಹೊಗೆಯ ವಾಸನೆಯಿಲ್ಲ, ಎಣ್ಣೆಯ ಕಲೆಯಿಲ್ಲ.

“ಆಗೂ ಇಷ್ಟ ಬೇಕಾಗಿತ್ತು,” ಎಂದು ದೀಪ ಹಚ್ಚಲು ಒಳಗೆ ನಡೆದರು.