ಹುಲಿಯ ಕೊಳವೂ ಬಾತುಗಳ ಕೊಳವೂ

ಮಂಗಳೂರಿನಿಂದ ಮೂಡುಬಿದಿರೆಯ ಹಾದಿ ಹಿಡಿದು ವಾಮಂಜೂರಿನ ಬಳಿ ಹೊರಳಿದರೆ ಪಿಲಿಕುಳ. ತುಳುವಿನಲ್ಲಿ ‘ಪಿಲಿ’ ಎಂದರೆ ಹುಲಿ, ‘ಕುಳ’ ಎಂದರೆ ಕೊಳ. ಹಿಂದೆ ಹುಲಿಗಳು ಇಲ್ಲಿ ನೀರು ಕುಡಿಯಲು ಬರುತ್ತಿದ್ದುವೆಂದು ಪ್ರತೀತಿ. ಈಗ ಡಾ. ಶಿವರಾಮ ಕಾರಂತರ ಹೆಸರು ಹೊತ್ತ ನಿಸರ್ಗಧಾಮ ಅಲ್ಲಿದೆ, ಹುಲಿಗಳು ಬೇಲಿಯೊಳಗಿವೆ. ಮಕ್ಕಳೊಡನೆ ಅಲ್ಲಿನ ಸರೋವರ ಕಂಡು ಬಂದ ಗೃಹಸ್ಥರಿಗೆ, ಹಳ್ಳಿಯ ತಮ್ಮ ಜಮೀನಿನಲ್ಲೂ ಒಂದು ಕೊಳವಿದ್ದು ಅದರಲ್ಲಿ ನಾಲ್ಕು ಬಾತುಗಳು ಈಜಿದರೆ ಎಷ್ಟು ಚೆನ್ನ ಎನಿಸುವುದು ಸಹಜವೇ.

ಮಂಗಳೂರಿಗೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರು ಮಳೆ. ಆದರೂ ಗುಡ್ಡದ ಮೇಲೆ ತೋಡಿದ ಹೊಂಡ ಬೇಸಗೆಗೆ ಮುನ್ನವೇ ಬತ್ತುವುದುಂಟು. ಜಂಬಿಟ್ಟಿಗೆಯ ನೆಲ ಜರಡಿಯಂತೆ. ಬಿದ್ದ ನೀರು ಕೆಳಗೆ ಇಳಿಯುತ್ತದೆ. ನಮ್ಮ ಹಿರಿಯರು ಇದನ್ನು ಚೆನ್ನಾಗಿ ಅರಿತಿದ್ದರು. ಗದ್ದೆಗಳನ್ನು ಅವರು ಬೆಟ್ಟು, ಮಜಲು, ಬೈಲು ಎಂದು ವಿಂಗಡಿಸಿದ್ದು ನೀರು ನಿಲ್ಲುವ ಬಗೆಯನ್ನು ನೋಡಿಯೇ. ಗುಡ್ಡದ ತಗ್ಗಿಗೆ ಒಡ್ಡು ಕಟ್ಟಿ ‘ಮದಕ’ ಮಾಡುತ್ತಿದ್ದುದು ನೀರು ಇಂಗಿ ಕೆಳಗಿನ ಬಾವಿಗಳಿಗೆ ಸೇರಲೆಂದು. ಇಂಗಿಸುವುದು ಮದಕದ ಕೆಲಸ. ಹಿಡಿದಿಡುವುದು ಬೈಲಿನ ಗುಣ. ಬಾತುಗಳ ಕೊಳಕ್ಕೆ ಬೈಲೇ ತಕ್ಕ ಸ್ಥಳ.

ಅಲ್ಲಿಯೂ ನೀರು ಸೋರುವುದಾದರೆ ಜೇಡಿಮಣ್ಣನ್ನು ನೆನೆಸಿ, ಪದರಪದರವಾಗಿ ತುಳಿದು ತಳಕ್ಕೆ ಹಾಸಬೇಕು. ಈ ಸೀಮೆಯಲ್ಲಿ ಅದಕ್ಕೆ ಕೊರತೆಯಿಲ್ಲ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದುದು ನದೀತೀರದ ಈ ಮಣ್ಣನ್ನು ನಂಬಿಯೇ. ದಂಡೆ ಗೋಡೆಯಂತೆ ಕಡಿದಾಗಿರಬಾರದು. ಬಾತುಮರಿಯೂ ಕಪ್ಪೆಯೂ ಹತ್ತಿ ಇಳಿಯುವಷ್ಟು ಇಳಿಜಾರಾಗಿರಬೇಕು. ನಡುವೆ ಮಾತ್ರ ಬೇಸಗೆಗೆ ಉಳಿಯುವಷ್ಟು ಆಳ ಬೇಕು.

ಬಾತುಗಳ ಸಂಖ್ಯೆಗೆ ಮಿತಿಯಿರಲಿ. ಅವು ಗೊದಮೊಟ್ಟೆಯನ್ನೂ ಎಳೆಯ ಜಲಸಸ್ಯಗಳನ್ನೂ ತಿನ್ನುತ್ತವೆ; ಹಿಕ್ಕೆ ಹೆಚ್ಚಿದರೆ ನೀರು ಪಾಚಿಗಟ್ಟಿ ನಾರುತ್ತದೆ. ಕೊಳದ ಒಂದು ಭಾಗಕ್ಕೆ ಬೇಲಿ ಹಾಕಿ, ಅದನ್ನು ತಾವರೆಗೂ ಜೊಂಡಿಗೂ ಕಪ್ಪೆಗಳಿಗೂ ಬಿಟ್ಟುಕೊಟ್ಟರೆ ಎರಡೂ ಸಂಸಾರಗಳು ಬಾಳುತ್ತವೆ. ಕ್ರಮೇಣ ಮಿಂಚುಳ್ಳಿ, ಗುಳುಮುಳುಕ ಕರೆಯದೆ ಬಂದಾವು. ರಾತ್ರಿ ಗದ್ದೆಗಳಲ್ಲಿ ಮೇದು ಹಗಲು ನೀರಿನಲ್ಲಿ ವಿಶ್ರಮಿಸುವ ಸಿಳ್ಳೆಬಾತುಗಳೂ ಇಳಿಯಬಹುದು. ಅವನ್ನು ನೋಡಿ ಸಂತೋಷಪಡಬೇಕೇ ಹೊರತು ಹಿಡಿದು ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದನ್ನು ನಿಷೇಧಿಸಿದೆ.

ಇಂದು ಬೇಸಾಯ ನಿಂತ ಬೈಲುಗಳಿಗೆ ಕೆಂಪುಮಣ್ಣು ತುಂಬಿ ಮನೆಕಟ್ಟೆ ಮಾಡುವುದು ಸಾಮಾನ್ಯವಾಗಿದೆ. ಆದರೆ ತಗ್ಗು ಮುಚ್ಚಿದರೂ ಮಳೆಗಾಲದ ನೀರು ಬಾರದಿರುವುದಿಲ್ಲ. ಅದು ನೆರೆಮನೆಯ ಹೊಸ್ತಿಲು ಹುಡುಕುತ್ತದೆ. ಪಾಳುಬಿದ್ದ ಬೈಲಿನ ಒಂದು ಮೂಲೆಯನ್ನಾದರೂ ಕೊಳವಾಗಿಸುವವರು ಬಾತುಗಳಿಗೆ ಮಾತ್ರವಲ್ಲ, ಆ ನೀರಿಗೂ ಒಂದು ಮನೆ ಕೊಟ್ಟಂತಾಗುತ್ತದೆ.